ಸೀಟಿಗಾಗಿ ಕಾಯುತ್ತಿರುವ ಮನೆಗಳಿಗೆ



2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕೆ ಸ್ವಲ್ಪ ಮೇಲೆ. ಹೀಗಿರುವಾಗ ಮೊದಲ ಸುತ್ತಿನಲ್ಲಿ ಸೀಟು ಸಿಗದ ಮಗುವನ್ನು ದಡ್ಡರ ಸಾಲಿಗೆ ಸೇರಿಸುವುದು ಅನ್ಯಾಯ.

ನಮ್ಮ ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸುತ್ತು ಸುತ್ತಾಗಿ ಸೀಟು ಹಂಚುತ್ತದೆ. ಮೇಲಿನ ರ‍್ಯಾಂಕಿನವರು ಬಿಟ್ಟ ಸೀಟು ಮುಂದಿನ ಸುತ್ತಿಗೆ ಬರುತ್ತದೆ. ಕಾಯುವ ಆ ವಾರಗಳಲ್ಲಿ ತಂದೆ "ಖಂಡಿತ ಸಿಗುತ್ತದೆ" ಎನ್ನುತ್ತಾರೆ. ಮಗಳು "ಎಲ್ಲ ಮುಗಿಯಿತು" ಎನ್ನುತ್ತಾಳೆ.

ನಾವು ಭರವಸೆಯಿಡುವುದು ಒಳ್ಳೆಯದರಲ್ಲಿ; ಅದು ಇನ್ನೂ ಕೈಗೆ ಬಂದಿಲ್ಲ, ಪಡೆಯಲು ಕಷ್ಟ, ಆದರೂ ಸಾಧ್ಯ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರ ವಿವರಣೆಯಿದು. ತಂದೆ ಕಷ್ಟವನ್ನು ಮರೆತರು, ಮಗಳು ಸಾಧ್ಯವನ್ನು ಮರೆತಳು. ಎರಡೂ ಭರವಸೆಯಲ್ಲ.

ಎರಡನ್ನೂ ನೆನಪಿಟ್ಟು ಕಾಯುವುದು ಹೇಗೆ? ಹಿಂದಿನ ವರ್ಷ ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ಕಿತೆಂದು ನೋಡಿ. ಪ್ರತಿ ಸುತ್ತಿನ ನಿಯಮ ಓದಿ. ದಾಖಲೆ, ಶುಲ್ಕ ಸಿದ್ಧವಿರಲಿ. ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಮುಂತಾದ ಇನ್ನೊಂದು ದಾರಿಯನ್ನೂ ಮಗಳೊಂದಿಗೆ ಕೂತು ಯೋಚಿಸಿ. ಅಲ್ಲಿ ಸೇರಿ ಬಿಡಬೇಕಾದರೆ ಹಣ, ಅಂಕಪಟ್ಟಿ ಮರಳುತ್ತವೆಯೇ ಎಂದು ಮೊದಲೇ ಕೇಳಿ. ಹಣಕ್ಕೆ ಸೀಟು ಕೊಡಿಸುವೆನೆಂಬ ದಲ್ಲಾಳಿಯನ್ನು ಹೊಸ್ತಿಲು ದಾಟಿಸಬೇಡಿ.

ಸೀಟಿಗಾಗಿ ಪ್ರಾರ್ಥಿಸುವುದು ತಪ್ಪಲ್ಲ. ಆದರೆ "ಸಿಕ್ಕರೂ ಸಿಗದಿದ್ದರೂ ನೀನು ನಮ್ಮ ಹೆಮ್ಮೆಯ ಮಗಳೇ" ಎಂದು ಪಟ್ಟಿ ಬರುವ ಮೊದಲೇ ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಿದರೆ ಅದು ಬರೀ ಸಮಾಧಾನ. ಮೊದಲೇ ಹೇಳಿದರೆ ಧೈರ್ಯ.