ಬಿಡುವಿಗೂ ಬಜೆಟ್ ಬೇಕು

ಹಳೇ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹೊಲಗಳಿಗೆ ಟ್ರ್ಯಾಕ್ಟರ್ ಬಂದು ಬಹುಕಾಲವಾಯಿತು. ಆದರೂ ಜೋಡಿ ಎತ್ತು ಕಟ್ಟಿರುವ ಮನೆಗಳಲ್ಲಿ ಈ ಕಟ್ಟಳೆಯ ನೆನಪು ಇನ್ನೂ ಇದೆ. ಶ್ರೀರಂಗಪಟ್ಟಣದ ಗಂಜಾಂ ಚರ್ಚಿಗೆ ಭಾನುವಾರ ಹೋಗುವ ನನಗೆ ಮೋಶೆಯ ಧರ್ಮಶಾಸ್ತ್ರದ ಸಬ್ಬತ್ ದಿನ ಅರ್ಥವಾದದ್ದು ಈ ಸೋಮವಾರದಿಂದಲೇ. ಅಲ್ಲಿಯೂ ಏಳನೆಯ ದಿನದ ಬಿಡುವು ಯಜಮಾನನೊಬ್ಬನಿಗೆ ಮೀಸಲಲ್ಲ. ಆಳಿಗೆ, ಊರಿಗೆ ಬಂದ ಪರದೇಶಿಗೆ, ಎತ್ತಿಗೆ, ಕತ್ತೆಗೆ, ಎಲ್ಲರಿಗೂ ಸಲ್ಲಬೇಕು.

ಹಣಕಾಸಿನ ಅಂಕಣದಲ್ಲಿ ಈ ವಿಷಯ ಏಕೆ ಎಂದು ಕೇಳಬಹುದು. ಬಿಡುವಿಗೆ ದುಡ್ಡು ಬೇಕು, ಅದಕ್ಕೆ. ದಿನಗೂಲಿಯವರು ಒಂದು ದಿನ ಕೂತರೆ ಒಂದು ದಿನದ ಅಕ್ಕಿ ಕಡಿಮೆ. ಅಂಗಡಿಯವರು ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಬೈಬಲ್ ಈ ಕಷ್ಟವನ್ನು ಕಣ್ಣಾರೆ ಕಂಡಿದೆ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಮನ್ನ ಎಂಬ ಆಹಾರ ಸಿಕ್ಕಾಗ ಆರನೆಯ ದಿನ ಎರಡು ದಿನಕ್ಕಾಗುವಷ್ಟು ಕೂಡಿಸಿಕೊಳ್ಳಬೇಕೆಂಬ ನಿಯಮವಿತ್ತು. ಏಳನೆಯ ದಿನ ನೆಮ್ಮದಿಯಾಗಿ ಕೂರಬೇಕಾದರೆ ಆರನೆಯ ದಿನವೇ ಗಂಟು ಸಿದ್ಧವಿರಬೇಕು. ಉಳಿತಾಯದ ಬಗ್ಗೆ ನಾನು ಓದಿದ ಎಲ್ಲ ಸಲಹೆಗಳಿಗಿಂತ ಇದು ಸರಳ ಮತ್ತು ಗಟ್ಟಿ.

ನಮ್ಮ ಮನೆಯಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದ್ದೇವೆ. ದಿನಕ್ಕೆ 600 ರೂಪಾಯಿ ದುಡಿಯುವವರು ಕೆಲಸದ ಆರು ದಿನವೂ 100 ರೂಪಾಯಿ ತೆಗೆದಿಟ್ಟರೆ ಏಳನೆಯ ದಿನದ 600 ಕೈಯಲ್ಲಿರುತ್ತದೆ. ಅಷ್ಟು ಕೂಡದವರು 20 ರೂಪಾಯಿಯಿಂದ ಶುರು ಮಾಡಿ ತಿಂಗಳಿಗೆ ಹೆಚ್ಚುಕಡಿಮೆ ಒಂದು ಬಿಡುವಿನ ದಿನ ಸಂಪಾದಿಸಿಕೊಳ್ಳಬಹುದು. ಈ ಹಣಕ್ಕೆ ನಾವು ಬೇರೆಯದೇ ಉಳಿತಾಯ ಖಾತೆ ಇಟ್ಟಿದ್ದೇವೆ, ಅದನ್ನು ಫೋನ್‌ಪೇ, ಗೂಗಲ್‌ಪೇಗೆ ಜೋಡಿಸಿಲ್ಲ. ಭಾನುವಾರ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಆನ್‌ಲೈನ್ ಅಂಗಡಿಗಳ ರಿಯಾಯಿತಿ ಎಷ್ಟೇ ಕರೆದರೂ ಸೋಮವಾರದವರೆಗೆ ಕಾಯುತ್ತೇವೆ. ಸೋಮವಾರಕ್ಕೆ ಆ ವಸ್ತು ಬೇಡವೆನಿಸುವುದೇ ಹೆಚ್ಚು.

ಬಿಡುವಿಗೆ ದೊಡ್ಡ ಶತ್ರು ಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಅದು ಶೇ 36. ಐವತ್ತು ಸಾವಿರಕ್ಕೆ ವರ್ಷದ ಬಡ್ಡಿಯೇ 18,000 ರೂಪಾಯಿ. ದಿನಕ್ಕೆ 600 ದುಡಿಯುವವರ ಪೂರಾ ಒಂದು ತಿಂಗಳ ದುಡಿಮೆ ಅದು, ಒಂದು ದಿನವೂ ಬಿಡುವಿಲ್ಲದೆ. ಅದರ ಮೇಲೆ ವಾರದ ಕಂತಿನ ಸಂಘಗಳು. ಕಂತಿನ ದಿನ ಹತ್ತಿರ ಬಂದಂತೆ ಹೆಂಗಸರು ಜ್ವರವಿದ್ದರೂ ಗದ್ದೆಗೆ ಇಳಿಯುವುದನ್ನು ನಮ್ಮೂರಿನಲ್ಲೇ ಕಂಡಿದ್ದೇನೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ಬೇಕಾಗಿತ್ತು. ಏಳು ವರ್ಷಕ್ಕೊಮ್ಮೆ ಬಡವರ ಸಾಲ ಬಿಟ್ಟುಬಿಡಬೇಕೆಂದು ಮೋಶೆಯ ಕಟ್ಟಳೆ ಹೇಳಿದ್ದೂ ಇದೇ ಸಂಕಟವನ್ನು ಕಂಡೇ. ಹಾಗೆ ಬಿಡುವವರನ್ನು ಕಾಯುತ್ತ ಕೂರದೆ ನಾವು ಮಾಡಬಹುದಾದದ್ದು ಒಂದಿದೆ: ಅತಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು. ಬೆಳೆಸಾಲ ಬೇಕಾದವರು ಕೈಸಾಲದ ಬಾಗಿಲು ತಟ್ಟುವ ಮೊದಲು ಸಹಕಾರ ಸಂಘಕ್ಕೆ ಹೋಗಿ ವಿಚಾರಿಸಲಿ. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಅಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲವಿದೆ. 2023-24ರ ರಾಜ್ಯ ಬಜೆಟ್ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು.

ಭೂಮಿಯ ಮಾತಿಗೆ ಬರೋಣ. ಯಾಜಕಕಾಂಡದ ಪ್ರಕಾರ ನೆಲ ದೇವರದು, ಉಳುವವರು ಒಕ್ಕಲುಗಳು ಮಾತ್ರ. ಏಳನೆಯ ವರ್ಷ ನೆಲವನ್ನು ಬೀಳು ಬಿಡಬೇಕು. ಕನ್ನಂಬಾಡಿ ಕಟ್ಟೆಯ ನೀರು ಬಂದ ಮೇಲೆ ಮಂಡ್ಯ ಸೀಮೆ ಬೀಳು ಬಿಡುವುದನ್ನೇ ಮರೆತಿದೆ. ಕಬ್ಬು, ಅದರ ಕೂಳೆ, ಮತ್ತೆ ಕಬ್ಬು. ನೀರು ನಿಂತ ತಗ್ಗಿನ ಗದ್ದೆಗಳು ಸೌಳಾಗಿವೆ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೀರಾ ಕಾಲುವೆಗೆ ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ಹೆಚ್ಚು ನೀರಿನ ಬೆಳೆ ಒಂದೇ ಜಮೀನಿನಲ್ಲಿ ಕೂರದೆ ಸರದಿಯ ಮೇಲೆ ತಿರುಗುತ್ತಿತ್ತು. ನೀರನ್ನು ಹಂಚುತ್ತಲೇ ನೆಲಕ್ಕೆ ಬಿಡುವು ಕೊಡುವ ಯೋಚನೆ ಅದು. ನಾಗಮಂಗಲದ ಖುಷ್ಕಿ ರೈತರು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿ ಮಣ್ಣನ್ನು ಕಾಯ್ದುಕೊಂಡು ಬಂದಿದ್ದಾರೆ. 2023ರ ಬರದಲ್ಲಿ ನಾಲೆಯ ನೀರಿನ ಭರವಸೆ ಹೋದಾಗ ನಾವು ಪಾಂಡವಪುರದ ಬಳಿಯ ನಮ್ಮ ತುಂಡು ಜಮೀನಿನ ಅರ್ಧಕ್ಕೆ ಹುರುಳಿ ಚೆಲ್ಲಿ, ಉಳಿದದ್ದನ್ನು ಹಾಗೇ ಬಿಟ್ಟೆವು. ಬೋರ್‌ವೆಲ್ ಕೊರೆಸಲು ಸಾಲ ಮಾಡಲಿಲ್ಲ. ಕೂಡಿಟ್ಟ ಗಂಟು ಆ ವರ್ಷ ಮನೆಯನ್ನೂ ನೆಲವನ್ನೂ ಸಾಕಿತು.

ನೆಲದಂತೆ ನೆರೆಯವರ ಬಗೆಗಿನ ಜವಾಬ್ದಾರಿಯ ಪಾಠಕ್ಕೂ ದೂರ ಹೋಗಬೇಕಿಲ್ಲ. ದೊಡ್ಡಸ್ವಾಮಿಯವರು ಎಂದು ಜನ ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಶ್ರೀರಂಗಪಟ್ಟಣಕ್ಕೆ ಬಂದು ಚೆದುರಿಹೋದ ಕ್ರೈಸ್ತರನ್ನು ಒಗ್ಗೂಡಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಓಡಾಡಿದರು. ನೆಲೆ ಕಳೆದುಕೊಂಡವರಿಗಾಗಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಸಾತಳ್ಳಿಯ ಒಕ್ಕಲು ಇಲ್ಲೇ ಉಳಿಯಿತು. ಕೈಗೆ ಬಂದದ್ದನ್ನು ಇನ್ನೊಬ್ಬರ ಬದುಕು ನೆಲೆ ನಿಲ್ಲುವಂತೆ ಬಳಸುವುದೇ ಒಳ್ಳೆಯ ಮನೆವಾರ್ತೆ.

ಕೊನೆಗೆ, ನಮ್ಮಲ್ಲಿ ದುಡಿಯುವವರ ಮಾತು. ಕಬ್ಬಿನ ಹಣವನ್ನು ಕಾರ್ಖಾನೆಗಳು 14 ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹಣ ತಡವಾದರೆ ರೈತರಾದ ನಾವು ರಸ್ತೆಗಿಳಿಯುತ್ತೇವೆ, ಅದು ನ್ಯಾಯ. ಹಾಗೆಯೇ ಕಳೆ ಕೀಳುವವರ, ಕಬ್ಬು ಕಡಿಯುವವರ ಕೂಲಿ ಹೊತ್ತು ಮುಳುಗುವ ಮೊದಲು ಅವರ ಕೈ ಸೇರಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುವುದೂ ನ್ಯಾಯ. ಮನೆಗೆಲಸದವರಿಗೆ, ಆಲೆಮನೆಯ ಒಲೆ ಮುಂದೆ ಬೇಯುವವರಿಗೆ ವಾರಕ್ಕೊಂದು ದಿನ ಸಂಬಳ ಹಿಡಿಯದ ರಜೆ ಕೊಡಿ. ಅವರ ಬಿಡುವಿನ ಖರ್ಚನ್ನು ನಿಮ್ಮ ಬಜೆಟ್ಟಿನಲ್ಲಿ ಅಕ್ಕಿ, ಬೇಳೆಯ ಪಕ್ಕದಲ್ಲೇ ಬರೆದುಕೊಳ್ಳಿ. ಇನ್ನೊಬ್ಬರ ಬೆವರಿನ ಮೇಲೆ ಸಿಗುವ ವಿಶ್ರಾಂತಿ ಸಬ್ಬತ್ ಆಗುವುದಿಲ್ಲ.