ಪಿಆರ್ ಹೋಗಿಲ್ಲ, ವಿಮಾನ ಹತ್ತುವ ಕಾಗದವಷ್ಟೇ ಬೇಕು

ಪ್ರಶ್ನೆ: ಮೇಡಂ, ನಾನು ಹುಟ್ಟಿ ಬೆಳೆದದ್ದೆಲ್ಲ ಠಾಕುರ್ಲಿಯಲ್ಲೇ. ಅಪ್ಪ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ನಮಗೆ ಕೆನಡಾದ ಪಿಆರ್ ಸಿಕ್ಕಿ, ನಾನು, ನಮ್ಮವರು, ಆರು ವರ್ಷದ ಮಗ ಮೂವರೂ ಎರಡು ತಿಂಗಳ ಹಿಂದೆ ಟೊರಾಂಟೊದಲ್ಲಿ ಇಳಿದೆವು. ಬ್ರಾಂಪ್ಟನ್‌ನಲ್ಲಿ ಬಾಡಿಗೆಗೆ ಒಂದು ಬೇಸ್‌ಮೆಂಟ್ ಹಿಡಿದೆವು, ಇವರಿಗೆ ಕೆಲಸವೂ ಸಿಕ್ಕಿತು. ಅಷ್ಟರಲ್ಲಿ ಅಪ್ಪನಿಗೆ ಬೈಪಾಸ್ ಆಗಲೇಬೇಕು ಎಂದು ಅಣ್ಣನ ಫೋನ್ ಬಂತು. ಪಿಆರ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಲ್ಯಾಂಡಿಂಗ್ ಪೇಪರ್ ಇದೆಯಲ್ಲ ಎಂದು ಮಗನನ್ನು ಕರೆದುಕೊಂಡು ಬಂದುಬಿಟ್ಟೆ. ಅಪ್ಪನ ಆಪರೇಷನ್ ಚೆನ್ನಾಗಿ ಆಯಿತು. ರಿಟರ್ನ್ ಟಿಕೆಟ್‌ಗೆ ಇನ್ನು ಐದು ವಾರ ಇದೆ. ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ‘ಪಾಸ್‌ಪೋರ್ಟ್‌ನಲ್ಲಿ ಸ್ಟಾಂಪ್ ಇದ್ದರೆ ಒಂದು ವರ್ಷ ಓಡಾಡಬಹುದು’ ಎನ್ನುತ್ತಾರೆ ನ್ಯೂಜೆರ್ಸಿಯಲ್ಲಿರುವ ಭಾವ. ಅಣ್ಣ ‘ವಿಸಿಟರ್ ವೀಸಾ ಹಾಕೋಣ’ ಎನ್ನುತ್ತಾನೆ. ಕಲ್ಯಾಣದ ಒಬ್ಬ ಏಜೆಂಟ್ ‘ನಿಮ್ಮ ಪಿಆರ್ ಕ್ಯಾನ್ಸಲ್ ಆಗುತ್ತದೆ, ಒಂದೂವರೆ ಲಕ್ಷ ಕೊಟ್ಟರೆ ಸರಿ ಮಾಡಿಸುತ್ತೇನೆ’ ಎಂದ. ಇದನ್ನೆಲ್ಲ ಕೇಳಿಸಿಕೊಂಡ ಅಪ್ಪ ‘ನನ್ನಿಂದ ನಿನ್ನ ಸಂಸಾರ ಹಾಳಾಯಿತು’ ಎಂದು ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ನಾನು ಏನು ಮಾಡಲಿ?
– ಹೆಸರು ಬೇಡ, ಠಾಕುರ್ಲಿ (ಪೂರ್ವ)

ಉತ್ತರ: ಮೊದಲು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ, ಅಪ್ಪನಿಗೂ ಹೇಳಿ. ನಿಮ್ಮ ಪಿಆರ್ ಎಲ್ಲಿಗೂ ಹೋಗಿಲ್ಲ. ಪಿಆರ್, ಅಂದರೆ ಕಾಯಂ ನಿವಾಸಿ ಎಂಬುದು ಕಾನೂನು ನಿಮಗೆ ಕೊಟ್ಟ ಸ್ಥಾನ. ಕಾರ್ಡ್ ಆ ಸ್ಥಾನಕ್ಕೆ ಒಂದು ಸಾಕ್ಷಿ ಮಾತ್ರ. ಕಾರ್ಡ್ ಬಾರದೆ ಇದ್ದರೂ, ಕಳೆದುಹೋದರೂ, ಅದರ ಅವಧಿ ಮುಗಿದರೂ ಸ್ಥಾನ ಹೋಗುವುದಿಲ್ಲ. ಅಧಿಕಾರಿಯೊಬ್ಬರು ವಿಚಾರಿಸಿ ಲಿಖಿತ ತೀರ್ಮಾನ ಕೊಟ್ಟು, ಅದರ ಮೇಲಿನ ಮೇಲ್ಮನವಿಯೂ ಮುಗಿದ ಮೇಲೆ ಹೋಗಬಹುದು, ಇಲ್ಲವೇ ನೀವೇ ಬೇಡವೆಂದು ಬರೆದುಕೊಟ್ಟರೆ ಹೋಗಬಹುದು. ಮನೆಯಲ್ಲಿ ಕಾಯಿಲೆಯೆಂದು ಎರಡು ತಿಂಗಳೊಳಗೇ ಊರಿಗೆ ಬಂದವರ ಪಿಆರ್ ತನ್ನಷ್ಟಕ್ಕೆ ರದ್ದಾಗುತ್ತದೆ ಎಂಬ ಕಾನೂನು ಕೆನಡಾದಲ್ಲಿಲ್ಲ.

ಅಲ್ಲಿನ ನಿಯಮ ಕೇಳುವುದು ದಿನಗಳ ಲೆಕ್ಕ. ಯಾವುದೇ ಐದು ವರ್ಷಗಳಲ್ಲಿ ಒಟ್ಟು 730 ದಿನ ಕೆನಡಾದಲ್ಲಿರಬೇಕು. ಒಂದೇ ಸಮನೆ ಇರಬೇಕೆಂದಿಲ್ಲ. ಅಂದರೆ ಸುಮಾರು 1,095 ದಿನ ಹೊರಗಿರಲು ನಿಮಗೆ ಅವಕಾಶವಿದೆ. ಹೊಸದಾಗಿ ಇಳಿದವರಿಗೆ ಇನ್ನೂ ಐದು ವರ್ಷ ತುಂಬಿರುವುದಿಲ್ಲವಾದ್ದರಿಂದ, ಉಳಿದ ಅವಧಿಯಲ್ಲಿ 730 ದಿನ ತುಂಬಿಸಲು ಸಾಧ್ಯವೇ ಎಂಬುದನ್ನಷ್ಟೇ ನೋಡುತ್ತಾರೆ. ನಿಮ್ಮ ಮುಂದೆ ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಸಮಯವಿದೆ. 730 ದಿನ, ನಾಲ್ಕೂವರೆ ವರ್ಷ ಎಂಬ ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಡಿ. ಹೋಟೆಲಿನಲ್ಲಿ ದುಡಿದು ಮನೆ ನಡೆಸಿದವರಿಗೆ ಬಾಯಿಮಾತಿನ ಸಮಾಧಾನಕ್ಕಿಂತ ಲೆಕ್ಕ ಬೇಗ ಮನಸ್ಸಿಗೆ ಹತ್ತುತ್ತದೆ.

ಆದರೆ ಇಷ್ಟನ್ನೇ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ತೊಡಕಿರುವುದು ಮುಂಬಯಿಯ ಟಿ2ನ ಚೆಕ್-ಇನ್ ಕೌಂಟರಿನಲ್ಲಿ. ಭಾರತದ ಪಾಸ್‌ಪೋರ್ಟ್ ಇರುವ ಕಾಯಂ ನಿವಾಸಿಯನ್ನು ಕೆನಡಾಕ್ಕೆ ಕರೆದೊಯ್ಯಬೇಕಾದರೆ ವಿಮಾನ ಕಂಪನಿಗೆ ಎರಡರಲ್ಲಿ ಒಂದನ್ನು ತೋರಿಸಲೇಬೇಕು: ಅವಧಿ ಮುಗಿಯದ ಪಿಆರ್ ಕಾರ್ಡ್, ಇಲ್ಲವೇ ಪಿಆರ್‌ಟಿಡಿ ಎಂಬ ಪ್ರಯಾಣ ದಾಖಲೆ. ನಿಮ್ಮ ಕೈಯಲ್ಲಿರುವ ಲ್ಯಾಂಡಿಂಗ್ ಪೇಪರ್, ಅಂದರೆ ಸಿಒಪಿಆರ್, ಈ ಎರಡರಲ್ಲಿ ಒಂದಲ್ಲ. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವಲಸೆ ವೀಸಾ ಒಂದೇ ಸಲದ ಪ್ರವೇಶಕ್ಕೆ ಕೊಟ್ಟದ್ದು. ಟೊರಾಂಟೊದಲ್ಲಿ ಇಳಿದ ದಿನವೇ ಅದರ ಕೆಲಸ ಮುಗಿದಿದೆ. ದಾಖಲೆ ಇಲ್ಲದವರನ್ನು ಹತ್ತಿಸಿಕೊಂಡರೆ ದಂಡ ಬೀಳುವುದು ಕಂಪನಿಗೆ. ಹಾಗಾಗಿ ಕೌಂಟರಿನಲ್ಲಿ ಅಪ್ಪನ ಆಪರೇಷನ್ ವಿಷಯ ಎಷ್ಟು ಹೇಳಿದರೂ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಮಗನನ್ನೂ ಪೆಟ್ಟಿಗೆಗಳನ್ನೂ ಹಿಡಿದುಕೊಂಡು ನಡುರಾತ್ರಿ ಠಾಕುರ್ಲಿಗೆ ವಾಪಸಾಗುವ ಪಾಡು ನಿಮಗೆ ಬೇಡ.

ನಿಮ್ಮ ಭಾವ ಸುಳ್ಳು ಹೇಳುತ್ತಿಲ್ಲ. ಅವರು ಹೇಳುತ್ತಿರುವುದು ಅಮೆರಿಕದ ನಿಯಮ. ಅಲ್ಲಿ ವಲಸೆ ವೀಸಾದ ಮೇಲೆ ಪ್ರವೇಶದ ಮುದ್ರೆ ಬಿದ್ದರೆ ಅದೇ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕ ಗ್ರೀನ್ ಕಾರ್ಡ್ ಆಗಿ ನಡೆಯುತ್ತದೆ. ಆಸ್ಟ್ರೇಲಿಯಾದಲ್ಲಂತೂ ಕಾರ್ಡೇ ಇಲ್ಲ, ಎಲ್ಲವೂ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಿಸಿದ ವಿದ್ಯುನ್ಮಾನ ದಾಖಲೆ. ಕೆನಡಾದಲ್ಲೂ ಹಿಂದೆ ಲ್ಯಾಂಡಿಂಗ್ ಪೇಪರ್ ತೋರಿಸಿ ಹಿಂದಿರುಗುವ ಪದ್ಧತಿಯಿತ್ತು. 2002ರ ಜೂನ್‌ನಲ್ಲಿ ಕಾರ್ಡ್ ಬಂತು. 2003ರ ಡಿಸೆಂಬರ್ 31ರಿಂದ ವಿಮಾನ, ರೈಲು, ಬಸ್ಸಿನಲ್ಲಿ ಬರುವ ಕಾಯಂ ನಿವಾಸಿಗಳಿಗೆ ಅದು ಕಡ್ಡಾಯವಾಯಿತು. ತೊಂಬತ್ತರ ದಶಕದಲ್ಲಿ ಹೋದ ಬಂಧುಗಳು ಯಾರಾದರೂ ‘ಪೇಪರ್ ಸಾಕು, ನಾವು ಹಾಗೇ ಬಂದೆವು’ ಎಂದರೆ ಅವರ ಅನುಭವ ನಿಜ, ಆದರೆ ನಿಮ್ಮ ಕಾಲಕ್ಕೆ ಅದು ಅನ್ವಯಿಸುವುದಿಲ್ಲ. ಯಾರು ಸಲಹೆ ಕೊಟ್ಟರೂ ಎರಡು ಪ್ರಶ್ನೆ ಕೇಳಿ: ಯಾವ ದೇಶದ ಮಾತು, ಯಾವ ವರ್ಷದ ಮಾತು?

ಅಣ್ಣನ ಸಲಹೆಯನ್ನು ಇಲ್ಲಿಗೇ ಬಿಡಿ. ಕಾಯಂ ನಿವಾಸಿಗೆ ಕೆನಡಾ ವಿಸಿಟರ್ ವೀಸಾ ಕೊಡುವುದಿಲ್ಲ. ಅರ್ಜಿಯಲ್ಲಿ ಪಿಆರ್ ಇರುವುದನ್ನು ಮುಚ್ಚಿಟ್ಟರೆ ಅದು ಸುಳ್ಳು ಮಾಹಿತಿ ಕೊಟ್ಟ ಅಪರಾಧ. ಅದರಿಂದ ಐದು ವರ್ಷ ಪ್ರವೇಶ ನಿಷೇಧವಾಗಬಹುದು, ಈಗ ಭದ್ರವಾಗಿರುವ ಪಿಆರ್ ನಿಜವಾಗಿಯೂ ಕೈತಪ್ಪಬಹುದು.

ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಬ್ರಾಂಪ್ಟನ್ ಮನೆಗೆ ಕಾರ್ಡ್ ಬರುವವರೆಗೆ ಕಾದು ಅದನ್ನು ಇಲ್ಲಿಗೆ ತರಿಸಿಕೊಳ್ಳುವುದು. ಅಲ್ಲಿನ ವಲಸೆ ಇಲಾಖೆ ಕೆನಡಾದ ಹೊರಗಿನ ವಿಳಾಸಕ್ಕೆ ಕಾರ್ಡ್ ಕಳಿಸುವುದಿಲ್ಲ. ನಿಮ್ಮವರು ಅಲ್ಲೇ ಇರುವುದು ಅನುಕೂಲವಾಯಿತು. ಇಳಿದ 180 ದಿನಗಳೊಳಗೆ ನಿಮ್ಮ ಅಲ್ಲಿನ ವಿಳಾಸ ಮತ್ತು ಫೋಟೊ ಇಲಾಖೆಗೆ ಸೇರಿರಬೇಕು. ಮೀರಿದರೆ 50 ಡಾಲರ್ ಕಟ್ಟಿ ಹೊಸ ಅರ್ಜಿ ಹಾಕಬೇಕಾಗುತ್ತದೆ. ಹಾಗಾಗಿ ಮೂವರ ವಿಳಾಸವೂ ಸರಿಯಾಗಿ ದಾಖಲಾಗಿದೆಯೇ, ಬೇಸ್‌ಮೆಂಟಿನ ಯೂನಿಟ್ ಸಂಖ್ಯೆ ಬಿಟ್ಟುಹೋಗಿಲ್ಲವೇ ಎಂದು ಇವತ್ತೇ ನೋಡಲು ಹೇಳಿ. ಒಂದೇ ಬಾಗಿಲಿಗೆ ಎರಡು ಮೂರು ಸಂಸಾರಗಳ ಟಪಾಲು ಬರುವ ಮನೆಗಳಲ್ಲಿ ಲಕೋಟೆ ಬೇರೆಯವರ ಕೈಗೆ ಹೋಗುವುದು ಸುಲಭ. ಕಾರ್ಡ್ ಬಂದ ಮೇಲೆ ಟ್ರ್ಯಾಕಿಂಗ್ ಇರುವ ಕೊರಿಯರಿನಲ್ಲಿ ಕಳಿಸಬಹುದು, ನಂಬಿಕಸ್ಥರು ಬರುವವರಿದ್ದರೆ ಅವರ ಕೈಯಲ್ಲಿ ಕಳಿಸುವುದು ಇನ್ನೂ ಒಳ್ಳೆಯದು. ಆದರೆ ನೀವೆಲ್ಲಿದ್ದೀರಿ ಎಂದು ಇಲಾಖೆ ಕೇಳಿದರೆ ಭಾರತದಲ್ಲಿದ್ದೇನೆ ಎಂದೇ ಉತ್ತರಿಸಿ. ಕಾರ್ಡನ್ನು ಖುದ್ದಾಗಿ ಬಂದು ಪಡೆಯಿರಿ ಎಂದು ಸೂಚನೆ ಬಂದರೆ ಈ ದಾರಿ ಮುಚ್ಚಿತು ಎಂದೇ ತಿಳಿಯಿರಿ.

ಎರಡನೆಯದು ಪಿಆರ್‌ಟಿಡಿ. ಐದೇ ವಾರ ಉಳಿದಿರುವುದರಿಂದ ಕಾರ್ಡ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ ಕೂರಬೇಡಿ, ಈ ವಾರವೇ ಅರ್ಜಿ ಹಾಕಿ. ಕೆನಡಾದ ಹೊರಗಿದ್ದು ಕಾರ್ಡ್ ಇಲ್ಲದವರಿಗಾಗಿಯೇ ಇರುವ ದಾಖಲೆ ಇದು. ನಮೂನೆಯ ಸಂಖ್ಯೆ ಐಎಂಎಂ 5524. ಶುಲ್ಕ ತಲಾ 50 ಕೆನಡಾ ಡಾಲರ್, ಅದರ ಮೇಲೆ ವಿಎಫ್‌ಎಸ್ ಎಂಬ ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ. ಮಗನಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಇಲಾಖೆಯ ಪಿಆರ್ ಪೋರ್ಟಲ್‌ನಲ್ಲಿ ಆನ್‌ಲೈನಾಗಿಯೇ ಅರ್ಜಿ ತುಂಬಬಹುದು. ಪಾಸ್‌ಪೋರ್ಟಿನ ಪುಟಗಳು, ಸಿಒಪಿಆರ್ ಪ್ರತಿ, ಫೋಟೊ, ಕೆನಡಾಕ್ಕೆ ಹೋದ ಮತ್ತು ಅಲ್ಲಿಂದ ಹೊರಟ ತಾರೀಕುಗಳು ಬೇಕು. ಜೊತೆಗೆ ಒಂದು ಪುಟದ ಪತ್ರ ಬರೆಯಿರಿ: ಯಾವಾಗ ಇಳಿದಿರಿ, ಯಾಕೆ ಬಂದಿರಿ, ಯಾವ ದಿನ ಹೊರಡಬೇಕಾಗಿದೆ, ಗಂಡ ಎಲ್ಲಿ ಕೆಲಸ ಮಾಡುತ್ತಿದ್ದಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಬ್ರಾಂಪ್ಟನ್ ಮನೆಯ ಬಾಡಿಗೆ ಕರಾರು, ರಿಟರ್ನ್ ಟಿಕೆಟ್ ಮೂರನ್ನೂ ಲಗತ್ತಿಸಿ. ಒಪ್ಪಿಗೆಯಾದರೆ ಪಾಸ್‌ಪೋರ್ಟ್ ಕೇಳುತ್ತಾರೆ. ಮುಂಬಯಿಯ ವಿಎಫ್‌ಎಸ್ ಕೇಂದ್ರದ ಮೂಲಕ ಅದನ್ನು ಕೊಟ್ಟರೆ ಒಂದು ಪುಟಕ್ಕೆ ಪ್ರಯಾಣ ದಾಖಲೆಯನ್ನು ಅಂಟಿಸಿ ಹಿಂದಿರುಗಿಸುತ್ತಾರೆ. ಅದು ಸಾಮಾನ್ಯವಾಗಿ ಒಂದೇ ಸಲದ ಪ್ರಯಾಣಕ್ಕೆ. ಕೈಗೆ ಬಂದ ಕೂಡಲೇ ಹೆಸರಿನ ಕಾಗುಣಿತ, ಪಾಸ್‌ಪೋರ್ಟ್ ಸಂಖ್ಯೆ, ಕೊನೆಯ ದಿನಾಂಕ ಮೂರನ್ನೂ ಓದಿ ನೋಡಿ.

ಕೆನಡಾ ಮತ್ತು ಭಾರತದ ಜಗಳದಲ್ಲಿ ಎಲ್ಲ ಮುಚ್ಚಿದೆ ಎಂದು ಯಾರಾದರೂ ಹೆದರಿಸಬಹುದು. 2023ರ ಅಕ್ಟೋಬರ್‌ನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ವಾಪಸ್ ಕರೆಸಿಕೊಂಡು ಮುಂಬಯಿ, ಬೆಂಗಳೂರು, ಚಂಡೀಗಢದ ಕಾನ್ಸುಲೇಟ್‌ಗಳಲ್ಲಿ ನೇರ ಸೇವೆ ನಿಲ್ಲಿಸಿದ್ದು ನಿಜ. ಆಗಲೂ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರಗಳು ಕೆಲಸ ಮಾಡುತ್ತಲೇ ಇದ್ದವು.

ಪಿಆರ್‌ಟಿಡಿ ಕೈಗೆ ಬರದೆ ಟಿಕೆಟಿನ ದಿನ ಹತ್ತಿರವಾದರೆ, ಹೊರಡುವ ದಿನಕ್ಕೆ ಮೊದಲೇ ವಿಮಾನ ಕಂಪನಿಗೆ ಹೇಳಿ ತಾರೀಕು ಬದಲಿಸಿಕೊಳ್ಳಿ. ಸುಮ್ಮನೆ ಹೋಗದೆ ಉಳಿದರೆ ಇಡೀ ಟಿಕೆಟಿನ ಹಣ ಹೋಗಬಹುದು. ಮಗ ನಿಮ್ಮೊಬ್ಬರ ಜೊತೆ ಪ್ರಯಾಣ ಮಾಡುವುದರಿಂದ ಅವನ ತಂದೆಯ ಸಹಿ ಇರುವ ಒಪ್ಪಿಗೆ ಪತ್ರ, ಅವರ ಫೋನ್ ಸಂಖ್ಯೆ, ಮಗನ ಜನನ ಪ್ರಮಾಣಪತ್ರ ನಿಮ್ಮ ಕೈಚೀಲದಲ್ಲಿರಲಿ. ಟೊರಾಂಟೊದಲ್ಲಿ ಅಧಿಕಾರಿಗಳು ಕೇಳಬಹುದು.

ಇನ್ನು ಏಜೆಂಟನ ವಿಷಯ. ನಿಮ್ಮಿಬ್ಬರ ಸರ್ಕಾರಿ ಶುಲ್ಕ ಸೇರಿ 100 ಡಾಲರ್. ಅದಕ್ಕೆ ಒಂದೂವರೆ ಲಕ್ಷ ಕೇಳುವವನು ನಿಮ್ಮ ಭಯಕ್ಕೆ ಬೆಲೆ ಕಟ್ಟಿದ್ದಾನೆ. ಹಣ ತೆಗೆದುಕೊಂಡು ಕೆನಡಾದ ವಲಸೆ ಸಲಹೆ ಕೊಡಲು ಅಲ್ಲಿನ ವಕೀಲರಿಗೆ, ಇಲ್ಲವೇ ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜ್ ಎಂಬ ನಿಯಂತ್ರಣ ಸಂಸ್ಥೆಯ ಪರವಾನಗಿ ಇರುವವರಿಗೆ ಮಾತ್ರ ಅಧಿಕಾರ. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಪರವಾನಗಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂಲ ಪಾಸ್‌ಪೋರ್ಟನ್ನು ಅಂಥವರ ಕೈಗೆ ಕೊಡಬೇಡಿ. ನಿಮ್ಮದು ಸರಳ ಪ್ರಕರಣ. ಮನೆಯಲ್ಲಿ ಕುಳಿತು ನೀವೇ ತುಂಬಬಲ್ಲಿರಿ. ಒಂದು ವೇಳೆ ಅರ್ಜಿ ತಿರಸ್ಕೃತವಾದರೂ 60 ದಿನಗಳಲ್ಲಿ ಮೇಲ್ಮನವಿಗೆ ಅವಕಾಶವಿದೆ. ಆಗ ಪರವಾನಗಿ ಇರುವ ವಕೀಲರನ್ನು ಹಿಡಿಯಿರಿ.

ಅಪ್ಪ ಊಟ ಬಿಟ್ಟಿರುವುದನ್ನು ಬರೀ ಬೇಸರವೆಂದು ತಳ್ಳಿಹಾಕಬೇಡಿ. ಬೈಪಾಸ್ ಆದ ಮೇಲೆ ಮನಸ್ಸು ಕುಗ್ಗುವುದು, ಹಸಿವು ಕಡಿಮೆಯಾಗುವುದು ಅನೇಕರಿಗೆ ಆಗುತ್ತದೆ. ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಇದನ್ನೂ ತಪ್ಪದೆ ಹೇಳಿ. ಏಜೆಂಟ್, ವೀಸಾ, ಟಿಕೆಟ್ ಮಾತೆಲ್ಲ ಅವರ ಮಂಚದ ಪಕ್ಕ ಬೇಡ. ನೀವು ಹೊರಟ ಮೇಲೆ ಮದ್ದು ಕೊಡುವವರು ಯಾರು, ತಪಾಸಣೆಗೆ ಕರೆದೊಯ್ಯುವವರು ಯಾರು ಎಂದು ಅಣ್ಣ ಅತ್ತಿಗೆಯ ಜೊತೆ ಕುಳಿತು ಈಗಲೇ ಹಂಚಿಕೊಳ್ಳಿ. ಮಗಳು ಓಡಿ ಬಂದದ್ದಕ್ಕೆ ಸಂಸಾರ ಹಾಳಾಗಲಿಲ್ಲ. ತಂದೆಯ ಎದೆ ಕೊಯ್ಯುವ ಹೊತ್ತಿಗೆ ಹತ್ತಿರ ಇರಬೇಕೆಂದು ಬಂದಿರಿ, ಅದು ಸರಿಯಾದ ತೀರ್ಮಾನ. ಅದಕ್ಕಾಗಿ ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಿಂದ ಹೊರಟಿರುವ ಬೇರೆ ಓದುಗರಿಗೂ ಒಂದು ಮಾತು. ‘ಸಾಫ್ಟ್ ಲ್ಯಾಂಡಿಂಗ್’ ಎಂದು ಹತ್ತು ಹದಿನೈದು ದಿನಕ್ಕೆ ಹೋಗಿ ಪಿಆರ್ ಖಚಿತ ಮಾಡಿಕೊಂಡು ಬರುವವರು ನಮ್ಮಲ್ಲಿ ಬಹಳ. ಮೊದಲ ಕಾರ್ಡ್ ಬರಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಅಲ್ಲಿ ಟಪಾಲು ತೆಗೆದಿಡುವ ನಂಬಿಕಸ್ಥರು ಇದ್ದಾರೆಯೇ, ಮತ್ತೆ ಹೋಗುವ ಮುನ್ನ ಪಿಆರ್‌ಟಿಡಿಗೆ ಸಮಯ ಇಟ್ಟುಕೊಂಡಿದ್ದೀರಾ ಎಂದು ನೋಡಿಕೊಂಡೇ ಟಿಕೆಟ್ ಮಾಡಿ. ಮನೆಯಲ್ಲಿ ಕಾಯಿಲೆ, ಸಾವು ಎಂದು ತಡೆಯಲಾಗದೆ ಬರಬೇಕಾದರೆ ಬನ್ನಿ, ಕಾನೂನು ನಿಮ್ಮನ್ನು ತಡೆಯುವುದಿಲ್ಲ. ಕೆನಡಾದಲ್ಲಿ ಇರುವಾಗಲೇ ಆ ಕಾರಣವನ್ನೂ ಟಿಕೆಟನ್ನೂ ತೋರಿಸಿ ಕಾರ್ಡನ್ನು ಬೇಗ ಕೊಡಿ ಎಂದು ಇಲಾಖೆಯನ್ನು ಕೇಳುವ ಅವಕಾಶವಿದೆ. ಅದಕ್ಕೂ ಸಮಯವಿಲ್ಲದಿದ್ದರೆ ಇಲ್ಲಿ ಇಳಿದ ಮೊದಲ ವಾರದಲ್ಲೇ ಪಿಆರ್‌ಟಿಡಿ ಅರ್ಜಿ ಹಾಕಿ, ಆಮೇಲೆ ನೆಮ್ಮದಿಯಿಂದ ಮನೆಯವರನ್ನು ನೋಡಿಕೊಳ್ಳಿ.