‘ನಾರ್ಮಲ್’ ಎಂಬ ಪದದ ಅರ್ಥ: ರಕ್ತಪರೀಕ್ಷೆಯ ವರದಿಯನ್ನು ಓದುವ ಕ್ರಮ

ಗಡಿನಾಡಿನ ನಮ್ಮ ಅನೇಕ ಮನೆಗಳಲ್ಲಿ ರಕ್ತಪರೀಕ್ಷೆಯ ವರದಿ ಮೂರು ಭಾಷೆಗಳನ್ನು ದಾಟಬೇಕಾಗುತ್ತದೆ. ವರದಿ ಇಂಗ್ಲಿಷಿನಲ್ಲಿ ಮುದ್ರಿತವಾಗಿರುತ್ತದೆ. ವೈದ್ಯರು ಅದನ್ನು ಮರಾಠಿಯಲ್ಲಿ ವಿವರಿಸುತ್ತಾರೆ. ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಯಹೇಳುವ ಹೊಣೆ ಕಾಲೇಜಿಗೆ ಹೋಗುವ ಮಕ್ಕಳ ಮೇಲೆ ಬೀಳುತ್ತದೆ. ಅಲ್ಲಿ ಒಂದು ಪದ ತಪ್ಪಿದರೆ ಇಲ್ಲದ ಅಂಜಿಕೆಯೋ ಸಲ್ಲದ ಅಲಕ್ಷ್ಯವೋ ಹುಟ್ಟುತ್ತದೆ. ಆದುದರಿಂದ ಭಾಷೆಯ ವಿದ್ಯಾರ್ಥಿಗಳು ಈ ವರದಿಯನ್ನೂ ಒಂದು ಪಠ್ಯವೆಂದು ಭಾವಿಸಿ ಓದಲು ಕಲಿಯುವುದು ಅವಶ್ಯ.

ವರದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಣಗಳಿರುತ್ತವೆ: ಪರೀಕ್ಷೆಯ ಹೆಸರು, ಫಲಿತಾಂಶ, ಅಳತೆಯ ಮಾನ ಮತ್ತು ಎರಡು ಅಂಕಿಗಳ ನಡುವಣ ವ್ಯಾಪ್ತಿ. ಈ ಕೊನೆಯದನ್ನು ಜನ ‘ನಾರ್ಮಲ್’ ಎನ್ನುತ್ತಾರೆ. ವೈದ್ಯಶಾಸ್ತ್ರವೂ ಹಿಂದೆ ಹಾಗೆಯೇ ಕರೆಯುತ್ತಿತ್ತು. 1969ರಲ್ಲಿ ಫಿನ್ಲೆಂಡಿನ ಗ್ರೆಸ್‌ಬೆಕ್ ಮತ್ತು ಸಾರಿಸ್ ಎಂಬ ವಿಜ್ಞಾನಿಗಳು ಅದರ ಬದಲಿಗೆ ‘ರೆಫರೆನ್ಸ್’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಪರಾಮರ್ಶನ ಗ್ರಂಥ ಎನ್ನುವಂತೆ ಇದನ್ನು ನಾವು ಪರಾಮರ್ಶನ ವ್ಯಾಪ್ತಿ ಎನ್ನಬಹುದು. ಅದು ಹೋಲಿಸಿ ನೋಡುವುದಕ್ಕೆ ಇರುವ ಆಧಾರವೇ ಹೊರತು ತೀರ್ಪಲ್ಲ.

ಈ ವ್ಯಾಪ್ತಿಯನ್ನು ನಿರ್ಧರಿಸುವ ಬಗೆಯನ್ನು ಗಮನಿಸಿರಿ. ಆರೋಗ್ಯವಂತರೆಂದು ಆಯ್ದ ಕನಿಷ್ಠ 120 ಜನರ ರಕ್ತವನ್ನು ಪರೀಕ್ಷಿಸಿ, ದೊರೆತ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಡುವುದು ರೂಢಿ. ಕೆಳತುದಿಯಲ್ಲಿ ಶೇಕಡಾ 2.5, ಮೇಲ್ತುದಿಯಲ್ಲಿ ಶೇಕಡಾ 2.5 ಬಿಟ್ಟು, ನಡುವಿನ ಶೇಕಡಾ 95 ಭಾಗವನ್ನು ವ್ಯಾಪ್ತಿಯೆಂದು ಸ್ವೀಕರಿಸುತ್ತಾರೆ. ಅಂದರೆ ಆರೋಗ್ಯವಂತರಲ್ಲಿಯೇ 20ಕ್ಕೆ ಒಬ್ಬರು ಇದರ ಹೊರಗೆ ಉಳಿಯುತ್ತಾರೆ. ಒಬ್ಬ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಒಂದಾದರೂ ಅಂಕಿ ಗೆರೆ ದಾಟುವ ಸಂಭವ ಸುಮಾರು ಶೇಕಡಾ 64. ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯೆಲ್ಲ ರೋಗವಲ್ಲ.

ಇದರ ವಿಲೋಮವೂ ನಿಜ. ವ್ಯಾಪ್ತಿಯ ಒಳಗಿರುವುದೆಲ್ಲ ಕ್ಷೇಮವಲ್ಲ. ಪುರುಷನೊಬ್ಬನ ಹಿಮೋಗ್ಲೋಬಿನ್ ಕಳೆದ ವರ್ಷ 15.5 ಗ್ರಾಂ ಇದ್ದು ಈಗ 13.4ಕ್ಕೆ ಇಳಿದಿದ್ದರೆ, ಅನೇಕ ವರದಿಗಳಲ್ಲಿ ಎರಡೂ ವ್ಯಾಪ್ತಿಯೊಳಗೇ ಇರುತ್ತವೆ; ಆದರೂ ಇಳಿದದ್ದೇಕೆ ಎಂದು ವೈದ್ಯರನ್ನು ಕೇಳಬೇಕು. ಆದ್ದರಿಂದ ಹಳೆಯ ವರದಿಗಳನ್ನು ಎಸೆಯಬಾರದು.

ಕೆಲವು ಮಿತಿಗಳು ಬಹುಜನರ ಅಂಕಿಗಳಿಂದ ಬಂದವಲ್ಲ, ರೋಗನಿರ್ಣಯಕ್ಕಾಗಿ ತಜ್ಞರು ಗೊತ್ತುಪಡಿಸಿದವು. ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ ಮಧುಮೇಹದ ಪೂರ್ವಸ್ಥಿತಿ. 126 ಅಥವಾ ಹೆಚ್ಚಿದ್ದರೆ ಮಧುಮೇಹ. ಲಕ್ಷಣಗಳಿಲ್ಲದವರಲ್ಲಿ ಮತ್ತೊಮ್ಮೆ ಪರೀಕ್ಷಿಸಿಯೇ ಇದನ್ನು ಖಚಿತಪಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಪುರುಷರಲ್ಲಿ 13, ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ 12 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ. ಗರ್ಭಿಣಿಯರಿಗೆ ಬೇರೆ ಮಿತಿಯಿದೆ. ಆದುದರಿಂದ ಅಣ್ಣನ ವರದಿಯ ಮಿತಿಯನ್ನು ತಂಗಿಯ ವರದಿಗೆ ಹಚ್ಚಬಾರದು. ದೂರವನ್ನೂ ನೋಡಬೇಕು: ಸ್ತ್ರೀಯೊಬ್ಬಳಲ್ಲಿ 11.8 ಇದ್ದರೂ 6 ಇದ್ದರೂ ವರದಿಯಲ್ಲಿ ‘ಕಡಿಮೆ’ ಎಂದೇ ಗುರುತಿರುತ್ತದೆ. ಎರಡನೆಯದು ತೀವ್ರ ಸ್ಥಿತಿ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮಾನವನ್ನು ಬಿಟ್ಟು ಅಂಕಿ ಓದಬಾರದು. ಸಕ್ಕರೆಯ 90 ಮಿಲಿಗ್ರಾಂ ಮತ್ತೊಂದು ಪದ್ಧತಿಯಲ್ಲಿ 5 ಮಿಲಿಮೋಲ್ ಆಗುತ್ತದೆ. ಪ್ರಯೋಗಾಲಯದ ಯಂತ್ರ, ವಿಧಾನಗಳು ಬದಲಾದರೆ ವ್ಯಾಪ್ತಿಯೂ ತುಸು ಬದಲಾಗುತ್ತದೆ. ಅದೇ ವರದಿಯಲ್ಲಿ ಮುದ್ರಿತವಾದ ವ್ಯಾಪ್ತಿಯೊಂದಿಗೇ ಹೋಲಿಸಬೇಕು.

ಇನ್ನು ಅನುವಾದದ ಮಾತು. ಮರಾಠಿಯಲ್ಲಿ ರಕ್ತಹೀನತೆಗೆ ‘ರಕ್ತಕ್ಷಯ’ ಎಂಬ ಪದವಿದೆ. ಅಲ್ಲಿ ‘ಕ್ಷಯ’ವೆಂದರೆ ಕುಂದುವಿಕೆ. ಅದನ್ನು ಹಾಗೆಯೇ ಕನ್ನಡದಲ್ಲಿ ಉಚ್ಚರಿಸಿದರೆ ಅಜ್ಜಿಗೆ ಕೇಳಿಸುವುದು ಕ್ಷಯರೋಗ. ‘ರಕ್ತ ಕಡಿಮೆಯಾಗಿದೆ’ ಎಂದರೂ ರಕ್ತದ ಪ್ರಮಾಣವೇ ತಗ್ಗಿತೆಂಬ ಅರ್ಥ ಬರುತ್ತದೆ. ತಗ್ಗಿರುವುದು ರಕ್ತದೊಳಗಿನ ಹಿಮೋಗ್ಲೋಬಿನ್.

ಮನೆಯಲ್ಲಿ ವರದಿ ಓದಿಹೇಳುವಾಗ ಈ ಕ್ರಮವನ್ನು ಪಾಲಿಸಿರಿ: ಅಂಕಿ, ಮಾನ, ವ್ಯಾಪ್ತಿ, ಹಿಂದಿನ ಅಂಕಿ. ‘ರೋಗವಿದೆ’, ‘ರೋಗವಿಲ್ಲ’ ಎಂಬ ವಾಕ್ಯವನ್ನು ವೈದ್ಯರಿಗೆ ಬಿಡಿರಿ.

ಅಭ್ಯಾಸ: ‘ರಿಪೋರ್ಟ್ ನಾರ್ಮಲ್ ಇದೆ’ ಎಂಬ ವಾಕ್ಯವನ್ನು, ಅದು ಹೇಳುವುದನ್ನೂ ಹೇಳದಿರುವುದನ್ನೂ ಸ್ಪಷ್ಟಪಡಿಸುತ್ತ, ಐದು ವಾಕ್ಯಗಳಲ್ಲಿ ವಿಸ್ತರಿಸಿರಿ.